ಬಲವಾದ ಎಲೆ ಬಂದಾಗ ಏರಿಸಬೇಕೋ, ಕಾಯಬೇಕೋ?

ಮೇಷ್ಟರು ಇಸ್ಪೀಟಿನ ಬಗ್ಗೆ ಬರೆಯುವುದೇ ಎಂದು ಬಂಧುಗಳಲ್ಲಿ ಕೆಲವರು ಹುಬ್ಬೇರಿಸಬಹುದು. ಆದರೆ ನಾನು ತರಗತಿಯಲ್ಲಿ ಕಲಿಸಿದ ಸಂಭವನೀಯತೆಯ ಗಣಿತ ಬೆಳೆದದ್ದೇ ಜೂಜಿನ ಪ್ರಶ್ನೆಗಳಿಂದ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡದ್ದು ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಬಗೆಯನ್ನು ಕುರಿತು. ಆದ್ದರಿಂದ ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಪೋಕರ್ ಕುರಿತು ಕೇಳಿದ ಪ್ರಶ್ನೆಗೆ ಉತ್ತರಿಸಲು ನನಗೆ ಸಂಕೋಚವಿಲ್ಲ.

ಪ್ರಶ್ನೆ ಇದು: ಕೈಯಲ್ಲಿ ಬಲವಾದ ಎಲೆಗಳಿರುವಾಗ ಪಣವನ್ನು ಏರಿಸಬೇಕೆ, ಅಥವಾ ಎದುರಾಳಿ ಇಟ್ಟಷ್ಟನ್ನೇ ಇಟ್ಟು, ಬಲವನ್ನು ಮರೆಮಾಚಿ ಕಾಯಬೇಕೆ? ಆಟಗಾರರ ಮಾತಿನಲ್ಲಿ ಹೇಳುವುದಾದರೆ, ರೈಸೋ ಕಾಲೋ? ಏರಿಸುವುದೇ ನಿಯಮ, ಕಾಯುವುದು ಅಪವಾದ ಎಂಬುದು ನನ್ನ ಅಭಿಪ್ರಾಯ.

ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆಗಳು. ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳು ಮೇಜಿನ ಮೇಲೆ. ಎರಡು ಎಕ್ಕಗಳು ಬರುವುದೇ ಅತ್ಯುತ್ತಮ ಆರಂಭ. ಯಾವುದೋ ಎಲೆ ಹಿಡಿದ ಒಬ್ಬ ಎದುರಾಳಿಯ ಮುಂದೆ ಅವು ನೂರಕ್ಕೆ 85 ಸಲ ಗೆಲ್ಲುತ್ತವೆ. ಅಂಥ ಐವರು ಕೊನೆಯವರೆಗೂ ಉಳಿದರೆ ಗೆಲುವು ಅರ್ಧಕ್ಕಿಂತ ತುಸು ಕೆಳಗಿಳಿಯುತ್ತದೆ. ಅಗ್ಗದಲ್ಲಿ ಎಲ್ಲರನ್ನೂ ಒಳಗೆ ಬಿಟ್ಟುಕೊಂಡವನು ಸೋತಾಗ ಅದೃಷ್ಟವನ್ನು ದೂರುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಲೆಕ್ಕ. ಮೇಜಿನ ಮೇಲೆ ಮೂರು ಎಲೆ ಬಿದ್ದಿವೆ, ರಾಶಿಯಲ್ಲಿ 100 ಬಿಲ್ಲೆಗಳಿವೆ. ಎದುರಾಳಿಯ ಬಳಿ ಒಂದೇ ಗುರುತಿನ ನಾಲ್ಕು ಎಲೆಗಳು ಕೂಡಿವೆ; ಐದನೆಯದು ಬಂದರೆ ನೀವು ಸೋಲುತ್ತೀರಿ. ಅವನು ಕಾಣದ 47 ಎಲೆಗಳಲ್ಲಿ 9 ಅವನಿಗೆ ಅನುಕೂಲ, ಅಂದರೆ ಮುಂದಿನ ಎಲೆಯಲ್ಲಿ ಶೇಕಡಾ 19. ಅವನು 20 ಬಿಲ್ಲೆ ಇಡುತ್ತಾನೆ. ನೀವೂ 20 ಇಟ್ಟು ಸುಮ್ಮನಾದರೆ 140ರ ರಾಶಿಗಾಗಿ ಅವನು ತೆತ್ತದ್ದು ಶೇಕಡಾ 14 ಮಾತ್ರ. ವ್ಯಾಪಾರ ಅವನಿಗೆ ಲಾಭ. ನೀವು 100ಕ್ಕೆ ಏರಿಸಿದರೆ, 300ರ ರಾಶಿಗಾಗಿ ಅವನು ಇನ್ನೂ 80 ತೆರಬೇಕು. ಅದು ಸುಮಾರು ಶೇಕಡಾ 27. ಈಗ ನಷ್ಟ ಅವನದು. ಮುಂದಿನ ಸುತ್ತುಗಳಲ್ಲಿ ಅವನು ಹೆಚ್ಚು ಗಳಿಸಬಹುದಲ್ಲ ಎನ್ನುವಿರಾ? ಹಾಗಿದ್ದರೆ ಇನ್ನೂ ಹೆಚ್ಚು ಏರಿಸಿ. ಸುಮ್ಮನಿರುವುದೆಂದರೆ ನಿಮ್ಮ ಸರಕಿನ ಬೆಲೆಯನ್ನು ಕೊಳ್ಳುವವನೇ ನಿಗದಿ ಮಾಡಲು ಬಿಟ್ಟಂತೆ.

ಕಾಯುವವರೆಲ್ಲ 1988ರ ವಿಶ್ವ ಪೋಕರ್ ಸರಣಿಯ ಅಂತಿಮ ಆಟವನ್ನು ಉದಾಹರಿಸುತ್ತಾರೆ. 1998ರ ‘ರೌಂಡರ್ಸ್’ ಚಲನಚಿತ್ರದಲ್ಲಿಯೂ ಅದರ ದೃಶ್ಯವಿದೆ. ಮೇಜಿನ ಮೇಲೆ ರಾಣಿ, ಹತ್ತು, ಎಂಟು. ಜಾನಿ ಚಾನ್ ಕೈಯಲ್ಲಿ ಗುಲಾಮ, ಒಂಬತ್ತು. ಅನುಕ್ರಮವಾದ ಐದು ಎಲೆಗಳು ಕೂಡಿದವು. ಚಾನ್ ಏರಿಸದೆ ತಾಳ್ಮೆಯಿಂದ ಕಾದರು. ರಾಣಿಯ ಜೋಡಿಯನ್ನು ನಂಬಿದ ಎರಿಕ್ ಸೈಡೆಲ್ ಕೊನೆಗೆ ತಮ್ಮಲ್ಲಿದ್ದುದೆಲ್ಲವನ್ನೂ ಇಟ್ಟು ಸೋತರು. ಆದರೆ ಅಲ್ಲಿನ ಸಂದರ್ಭವನ್ನು ಗಮನಿಸಿ: ಎದುರಾಳಿ ಒಬ್ಬರೇ, ಆ ಕ್ಷಣದಲ್ಲಿ ಚಾನ್ ಅವರದಕ್ಕಿಂತ ಮೇಲಿನ ಜೋಡಣೆ ಯಾರಿಗೂ ಸಾಧ್ಯವಿರಲಿಲ್ಲ, ಎದುರಾಳಿ ತಾವಾಗಿಯೇ ಪಣ ಇಡಬಲ್ಲವರು. ಈ ಮೂರೂ ಕೂಡಿದಾಗ ಕಾಯುವುದು ಜಾಣತನ. ಒಂದು ತಪ್ಪಿದರೂ ಅದು ಜಾಣತನದ ಸೋಗು.

ಯಾವಾಗಲೂ ಏರಿಸಿದರೆ ಗುಟ್ಟು ರಟ್ಟಾಗದೆ? ಇದಕ್ಕೆ ಗಣಿತಜ್ಞ ಜಾನ್ ಫಾನ್ ನಾಯ್ಮನ್, ಆಸ್ಕರ್ ಮಾರ್ಗನ್‌ಸ್ಟರ್ನ್ ಅವರೊಡನೆ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉತ್ತರವಿದೆ. ಪೋಕರ್‌ನ ಸರಳ ಮಾದರಿಯೊಂದನ್ನು ಬಿಡಿಸಿ ಅವರು ಕಂಡದ್ದು: ಉತ್ತಮ ಎಲೆಗಳಿಗೆ ದೊಡ್ಡ ಪಣ, ತೀರ ಕಳಪೆಯವುಗಳಲ್ಲಿ ಕೆಲವಕ್ಕೂ ದೊಡ್ಡ ಪಣ, ನಡುವಿನವುಗಳಿಗೆ ಮೌನ. ಅಂದರೆ, ಬಲವನ್ನು ಅಡಗಿಸಿ ಗುಟ್ಟು ಕಾಯಬೇಕಿಲ್ಲ. ಆಗೊಮ್ಮೆ ಈಗೊಮ್ಮೆ ಬಲವಿಲ್ಲದಾಗಲೂ ಏರಿಸಿದರೆ ಸಾಕು.

ಬಲೆ ಬೀಸಿ ಕೂರುವುದರಲ್ಲಿ ಒಂದು ಸುಖವಿದೆ, ಒಪ್ಪುತ್ತೇನೆ. ಆ ಸುಖಕ್ಕೆ ನಾವೇ ಬೆಲೆ ತೆರುತ್ತೇವೆ ಎಂಬುದನ್ನು ಮಾತ್ರ ಮರೆಯುತ್ತೇವೆ.

ಕೊನೆಯದಾಗಿ, ಊರಿನಲ್ಲಿರುವವರಿಗೆ ಒಂದು ಮಾತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಈ ಲೆಕ್ಕಗಳನ್ನು ಪರೀಕ್ಷಿಸಲು ಹಣ ಬೇಕಿಲ್ಲ. ಒಂದು ಬೊಗಸೆ ಹುಣಸೆಬೀಜ ಸಾಕು.