ದೋಟಿ, ಕ್ಯೂ ಕೋಲು ಮತ್ತು ಕೈಯ ಸಾಕ್ಷ್ಯ

ಅಡಿಕೆಯ ಕೊಯ್ಲಿನ ಕಾಲದಲ್ಲಿ ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಕಡೆಗೆ ಹೋದವರು ಒಂದು ನೋಟವನ್ನು ಕಾಣದೆ ಹಿಂದಿರುಗಲಾರರು. ನೆಲದ ಮೇಲೆ ನಿಂತವನೊಬ್ಬನು ಉದ್ದನೆಯ ದೋಟಿಯನ್ನು ಮೇಲಕ್ಕೆತ್ತಿ, ಅದರ ತುದಿಯ ಕತ್ತಿಯನ್ನು ಗೊನೆಯ ಬುಡಕ್ಕೆ ಸಿಕ್ಕಿಸಿ, ಒಂದೇ ಎಳೆತಕ್ಕೆ ಅದನ್ನು ಕೆಡಹುತ್ತಾನೆ. ನೋಡುವವರಿಗೆ ಇದು ಸುಲಭವಾಗಿ ತೋರುತ್ತದೆ. ಕೈಯಲ್ಲಿ ಹಿಡಿದವನಿಗೆ ಮಾತ್ರ ಅದರ ಕಷ್ಟ ಗೊತ್ತು.

ಒಮ್ಮೆ ಅಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ದೋಟಿಗಾಗಿ ಬಿದಿರಿನ ಗಳುಗಳನ್ನು ಆರಿಸುತ್ತಿದ್ದರು. ಒಂದೊಂದನ್ನೂ ಎತ್ತಿ, ಅಲುಗಿಸಿ, ಕೆಲವನ್ನು ಪಕ್ಕಕ್ಕೆ ಇಟ್ಟರು. “ಇದು ಎಳೇದು ಮೇಷ್ಟ್ರೇ, ಕೈಗೇ ಗೊತ್ತಾಗುತ್ತೆ” ಎಂದರು. ಮಗನು ಮುಗುಳ್ನಕ್ಕನು. ಆದರೆ ದಾವಣಗೆರೆಯಲ್ಲಿ ಸ್ನೂಕರ್ ಆಡುವ ಅದೇ ಹುಡುಗನು ಹಿಂದಿನ ವಾರವಷ್ಟೇ, “ಹಳೆಯ ಕ್ಯೂ ಕೋಲಿನ ಹದವೇ ಬೇರೆ, ಸರ್, ಮರ ಹಣ್ಣಾಗಿರುತ್ತದೆ” ಎಂದು ನಮ್ಮೊಡನೆ ವಾದಿಸಿದ್ದನು! ತಂದೆಯ ಕೈಯನ್ನು ನಂಬದವನು ತನ್ನ ಕೈಯನ್ನು ನಂಬಿದ್ದನು. ಇಬ್ಬರಲ್ಲಿ ಯಾರ ಮಾತು ಸರಿ?

ಮೊದಲು ತಂದೆಯ ಮಾತನ್ನು ಪರೀಕ್ಷಿಸೋಣ. ಬಿದಿರು ಹುಟ್ಟಿದ ಕೆಲವೇ ತಿಂಗಳಲ್ಲಿ ತನ್ನ ಪೂರ್ಣ ಎತ್ತರವನ್ನೂ ದಪ್ಪವನ್ನೂ ಪಡೆದುಬಿಡುತ್ತದೆ; ಆಮೇಲೆ ಅದು ದಪ್ಪವಾಗುವುದಿಲ್ಲ. ಆದರೆ ಅದರ ನಾರುಗಳು ಬಲಿತು ಪೆಡಸಾಗುವುದಕ್ಕೆ ಸುಮಾರು 3ರಿಂದ 4 ವರ್ಷ ಬೇಕು. ಆದುದರಿಂದ ಗಾತ್ರವನ್ನು ನೋಡಿ ವಯಸ್ಸನ್ನು ಹೇಳಲು ಸಾಧ್ಯವಿಲ್ಲ. ಅಲುಗಿಸಿದಾಗ ಎಳೆಯ ಗಳು ಹೆಚ್ಚು ಬಾಗುತ್ತದೆ, ನಿಧಾನವಾಗಿ ತೂಗುತ್ತದೆ. ಕೋಲಿನ ಉದ್ದ ಇಮ್ಮಡಿಯಾದರೆ, ತುದಿಯಲ್ಲಿನ ಅದೇ ಭಾರಕ್ಕೆ ಅದು ಎಂಟುಪಟ್ಟು ಬಾಗುತ್ತದೆ. ಅದರ ತೂಗಾಟದ ಅವಧಿ ನಾಲ್ಕುಪಟ್ಟಾಗುತ್ತದೆ. ಹೀಗಾಗಿ ಉದ್ದನೆಯ ದೋಟಿಯಲ್ಲಿ ಸಣ್ಣ ವ್ಯತ್ಯಾಸವೂ ಕೈಗೆ ದೊಡ್ಡದಾಗಿ ತಿಳಿಯುತ್ತದೆ. ತಂದೆಯವರು ಮಾಡಿದುದು ಅಪ್ಪಟ ಭೌತಪ್ರಯೋಗವೇ ಸರಿ, ಬರೆದಿಡಲಿಲ್ಲ, ಅಷ್ಟೆ.

ಇನ್ನು ಮಗನ ಮಾತು. 1875ರಲ್ಲಿ ಜಬಲ್ಪುರದ ಸೈನಿಕರ ನಡುವೆ ಹುಟ್ಟಿದ ಸ್ನೂಕರ್ ಆಟವು ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ಪಂಕಜ್ ಅಡ್ವಾಣಿಯವರು 2003ರಲ್ಲಿ ಅದರ ವಿಶ್ವ ಹವ್ಯಾಸಿ ಪ್ರಶಸ್ತಿಯನ್ನು ಗೆದ್ದರು. ಕ್ಯೂ ಕೋಲನ್ನು ಸಾಮಾನ್ಯವಾಗಿ ಆಶ್ ಅಥವಾ ಮೇಪಲ್ ಮರದಿಂದ ಮಾಡುತ್ತಾರೆ. ಕಡಿದ ಹಸಿ ಮರವು ಒಣಗುತ್ತ ಪೆಡಸಾಗುವುದು ನಿಜ. ಆದರೆ ಸುತ್ತಲಿನ ಗಾಳಿಯ ತೇವದೊಡನೆ ಅದು ಸಮತೋಲಕ್ಕೆ ಬಂದ ಮೇಲೆ ವರ್ಷಗಳಿಗಿಂತ ಋತುಗಳೇ ಅದನ್ನು ಹೆಚ್ಚು ಬದಲಿಸುತ್ತವೆ. ಮರದ ತೇವಾಂಶ ಶೇಕಡ 1ರಷ್ಟು ಏರಿದರೆ ಪೆಡಸು ಸುಮಾರು ಶೇಕಡ 1ರಿಂದ 2ರಷ್ಟು ಇಳಿಯುತ್ತದೆ. ಹಾಗಾದರೆ ಹಳೆಯ ಕೋಲು ಬೇರೆಯಾಗಿ ತೋರುವುದೇಕೆ? ಕೋಲಿನ ಪೆಡಸು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ವರ್ಷಗಟ್ಟಲೆ ಉಜ್ಜಿ ನಯಮಾಡಿದುದರಿಂದ 10 ಮಿಲಿಮೀಟರಿನ ತುದಿ 9.5 ಮಿಲಿಮೀಟರಿಗೆ ಇಳಿದರೆ, ಅಲ್ಲಿನ ಪೆಡಸು ಸುಮಾರು ಶೇಕಡ 19ರಷ್ಟು ಕಡಮೆಯಾಗುತ್ತದೆ! ತುದಿಯ ಚರ್ಮವೂ ಪೆಟ್ಟು ತಿಂದು ತಿಂದು ಗಟ್ಟಿಯಾಗಿರುತ್ತದೆ. ಹುಡುಗನ ಕೈಗೆ ತಿಳಿದ ವ್ಯತ್ಯಾಸ ಸುಳ್ಳಲ್ಲ. ಅದಕ್ಕೆ ಅವನು ಕೊಟ್ಟ ಕಾರಣ ಮಾತ್ರ ಸರಿಯಲ್ಲ.

ಇನ್ನೊಂದು ಸ್ವಾರಸ್ಯವುಂಟು. ಕೋಲಿನ ತುದಿ ಚೆಂಡನ್ನು ಮುಟ್ಟಿರುವುದು ಸುಮಾರು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಕಾಲ. ಬೆರಳಿನ ಸ್ಪರ್ಶ ಮಿದುಳನ್ನು ಮುಟ್ಟುವುದಕ್ಕೆ ಅದರ ಹತ್ತುಪಟ್ಟಾದರೂ ಕಾಲ ಬೇಕು. ಹೊಡೆತದ ಹಿತ ನಮಗೆ ತಿಳಿಯುವ ವೇಳೆಗೆ ಚೆಂಡು ಹೊರಟುಹೋಗಿರುತ್ತದೆ. ಕೈಯ ಅನುಭವ ಆ ಹೊಡೆತವನ್ನು ತಿದ್ದಲಾರದು. ಮುಂದಿನ ಹೊಡೆತಕ್ಕೆ ಪಾಠವಾಗಬಲ್ಲದು.

ನಂಬಿಕೆಯು ಕೈಯನ್ನು ಹೇಗೆ ಮೋಸಗೊಳಿಸುತ್ತದೆಂಬುದಕ್ಕೆ ಪಿಟೀಲಿನ ನಿದರ್ಶನವುಂಟು. 2010ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್ ನಗರದಲ್ಲಿ 21 ಮಂದಿ ನುರಿತ ವಾದಕರ ಕಣ್ಣಿಗೆ ಏನೂ ಕಾಣದಂತೆ ಮಾಡಿ, ಮೂರು ಹೊಸ ಪಿಟೀಲುಗಳನ್ನೂ ಸ್ಟ್ರಾಡಿವೇರಿಯಸ್ ಮೊದಲಾದ ಮೂರು ಹಳೆಯವನ್ನೂ ಕೊಟ್ಟು ನುಡಿಸಲು ಹೇಳಿದರು. ಹೆಚ್ಚಿನವರು ಹೊಸದನ್ನೇ ಮೆಚ್ಚಿದರು. ಯಾವುದು ಹಳೆಯದೆಂದು ಬಹುಮಂದಿ ಗುರುತಿಸಲಾರದೆಹೋದರು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಕೈಯನ್ನು ಸಾಕ್ಷಿಯನ್ನಾಗಿ ಕರೆಯಬೇಕು, ನ್ಯಾಯಾಧೀಶನನ್ನಾಗಿ ಕೂರಿಸಬಾರದು. ನಮ್ಮ ಕಾಲೇಜುಗಳಲ್ಲಿ ಯಂಗನ ಗುಣಾಂಕವನ್ನು ಅಳೆಯುವ ಪ್ರಯೋಗ ಪ್ರತಿವರ್ಷವೂ ನಡೆಯುತ್ತದೆ. ಅದೇ ಮರದ ಪಟ್ಟಿ, ಅದೇ ತೂಕಗಳು. ಹಿಂದಿನ ವರ್ಷದವರ ದಾಖಲೆಯಿಂದ ಇಳಿಸಿಕೊಂಡ ಅದೇ ಉತ್ತರ! ಇದರ ಬದಲು ವಿದ್ಯಾರ್ಥಿಗಳು ಮನೆಯ ಬಿದಿರನ್ನೋ ತಮ್ಮ ಕ್ಯೂ ಕೋಲನ್ನೋ ತರಲಿ. ಅದರ ಬುಡವನ್ನು ಮೇಜಿಗೆ ಬಿಗಿದು, ತುದಿಗೆ 100 ಗ್ರಾಂ ತೂಗುಹಾಕಿ, ಎಷ್ಟು ಬಾಗಿತೆಂದು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಅಳೆಯಲಿ. ಆಮೇಲೆ ಕಣ್ಣು ಕಟ್ಟಿಕೊಂಡು ಹಳೆಯದು ಯಾವುದು, ಹೊಸದು ಯಾವುದು ಎಂದು ಹೇಳಲಿ.

ಇದು ಬರಿಯ ಆಟದ ಮಾತಲ್ಲ. ಈಗ ತೋಟಗಳಿಗೆ ಇಂಗಾಲದ ನಾರಿನ ದೋಟಿ ಬಂದಿದೆ. ಅದು ಹಗುರ, ಬಿದಿರಿಗಿಂತ ಪೆಡಸು. ಹಿಡಿದವನ ಕೈ ಕೂಡಲೇ ಮೆಚ್ಚುತ್ತದೆ. ಆದರೆ ಇಂಗಾಲದ ನಾರು ವಿದ್ಯುದ್ವಾಹಕವೂ ಹೌದು. ಅಲ್ಯುಮಿನಿಯಂ ದೋಟಿಯ ಹಾಗೆಯೇ. ಒದ್ದೆಯಾದ ಬಿದಿರೂ ಸುರಕ್ಷಿತವಲ್ಲ. ಪೆಡಸನ್ನು ಕೈ ಅರಿಯಬಲ್ಲದು. ವಾಹಕತೆಯನ್ನು ಕೈ ಅರಿಯುವುದು 11,000 ವೋಲ್ಟಿನ ತಂತಿಗೆ ದೋಟಿ ತಾಗಿದಾಗ ಮಾತ್ರ. ಆಗ ಆ ಅರಿವಿನಿಂದ ಪ್ರಯೋಜನವಿಲ್ಲ.

ತಂದೆಯ ಕೈ ಅರಿತುದನ್ನು ಮಗನು ಗೌರವಿಸಲಿ. ಕೈ ಅರಿಯಲಾರದುದನ್ನು ಮಗನು ತಂದೆಗೆ ತಿಳಿಸಲಿ. ನಲ್ಲೂರಿನಂತಹ ಊರಿನಿಂದ ವಿಜ್ಞಾನ ಕಲಿಯಲು ಬರುವವನು ತನ್ನ ಮನೆಗೆ ತೀರಿಸಬಹುದಾದ ಋಣ ಇದಕ್ಕಿಂತ ದೊಡ್ಡದು ಮತ್ತಾವುದಿದೆ?