ಅಪ್ಪಯ್ಯನ ಜ್ವರಕ್ಕೆ ಹೆಸರು ಸಿಕ್ಕಿದ ದಿನ

ಜುಲೈ ಎರಡನೇ ವಾರ. ಸ್ಟ್ಯಾಂಡಪ್ ಮೀಟಿಂಗ್ ಮಧ್ಯೆ ಅಮ್ಮನ ಫೋನು. "ಅಪ್ಪಯ್ಯಂಗೆ ಸಣ್ಣ ಜ್ವರ ಮಗಾ, ನೀ ಗಡಿಬಿಡಿ ಮಾಡ್ಬೇಡ." ನಮ್ಮಮ್ಮ ಗಡಿಬಿಡಿ ಮಾಡ್ಬೇಡ ಅಂದ್ರೆ ರಾತ್ರಿ ಬಸ್ಸಿಗೆ ಸೀಟು ನೋಡು ಅಂತ ಅರ್ಥ.

ಕುಂದಾಪುರದ ಹತ್ತಿರ ನಮಗೆ ಸ್ವಲ್ಪ ಗದ್ದೆ ಇದೆ. ನಾಟಿ ಸಮಯದಲ್ಲಿ ಅಪ್ಪಯ್ಯ ಬರಿಗಾಲಲ್ಲೇ ಕೆಸರಿಗೆ ಇಳಿಯೋದು. ವಯಸ್ಸು 61, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಕಾಲಲ್ಲಿ ಒಂದಲ್ಲ ಒಂದು ಗಾಯ. ಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ಅಜಿಥ್ರೊಮೈಸಿನ್ ತಂದು ನುಂಗಿದ್ದರು. ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಊರಿನ ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದರೆ ಶ್ವಾಸಕೋಶದಲ್ಲಿ ಕಲೆ. ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರುವಾಯ್ತು. ನಾಲ್ಕು ದಿನ ಕಳೆದರೂ ಜ್ವರ ಹಾಗೇ. ಕಫದಲ್ಲಿ ಕ್ಷಯದ ಕುರುಹು ಇರಲಿಲ್ಲ, ಆದರೂ ಟಿಬಿ ಮಾತ್ರೆ ಶುರು ಮಾಡೋಣ್ವಾ ಅನ್ನೋ ಮಾತು ಬಂತು.

ಅಷ್ಟರಲ್ಲಿ ಉಸಿರಾಟ ಕಷ್ಟವಾಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನನ್ನ ಕೈಯಲ್ಲಿ ನರ್ಸಿಂಗ್ ಹೋಮಿನ ಒಂದು ಬ್ಲಡ್ ಕಲ್ಚರ್ ವರದಿ ಇತ್ತು. ಅದರಲ್ಲಿ "ಸೂಡೊಮೊನಾಸ್ ಜಾತಿ" ಅಂತ ಬರೆದಿತ್ತು. ಕೆಳಗೆ ಔಷಧಗಳ ಪಟ್ಟಿ, ಪಕ್ಕದಲ್ಲಿ ಎಸ್ ಅಥವಾ ಆರ್. ಎಸ್ ಅಂದ್ರೆ ಔಷಧಿಗೆ ರೋಗಾಣು ಬಗ್ಗುತ್ತದೆ, ಆರ್ ಅಂದ್ರೆ ಬಗ್ಗಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ.

ಸಂಜೆ ಮೈಕ್ರೊಬಯಾಲಜಿ ಮೇಡಂ ವಾರ್ಡಿಗೇ ಬಂದರು. ಅಪ್ಪಯ್ಯನ ಹತ್ತಿರ ಎರಡೇ ಪ್ರಶ್ನೆ: "ಗದ್ದೆ ಕೆಲಸ ಮಾಡ್ತೀರಾ? ಶುಗರ್ ಇದ್ಯಾ?" ಎರಡಕ್ಕೂ ಹೌದು ಅಂದಾಗ ನನ್ನ ವರದಿ ಇಸ್ಕೊಂಡು ಮೂರು ಸಾಲಿನ ಮೇಲೆ ಬೆರಳಿಟ್ಟರು. ಜೆಂಟಾಮೈಸಿನ್ ಆರ್, ಕೊಲಿಸ್ಟಿನ್ ಆರ್, ಆಗ್ಮೆಂಟಿನ್ ಎಸ್.

"ಮಾಮೂಲಿ ಸೂಡೊಮೊನಾಸ್ ಆಗಿದ್ರೆ ಕೊಲಿಸ್ಟಿನ್‌ಗೆ ಬಗ್ಗಬೇಕಿತ್ತು, ಆಗ್ಮೆಂಟಿನ್‌ಗೆ ಜಗ್ಗಬಾರದಿತ್ತು. ಇಲ್ಲಿ ಎರಡೂ ಉಲ್ಟಾ. ನನಗೆ ಮೆಲಿಯೊಯ್ಡೋಸಿಸ್ ಅನುಮಾನ" ಅಂದರು.

ಆ ಹೆಸರು ನಾನು ಕೇಳಿರಲಿಲ್ಲ. ಬರ್ಖೋಲ್ಡೇರಿಯಾ ಸೂಡೊಮಲ್ಲೈ ಅನ್ನೋ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಣ್ಣು, ಕೆಸರು ನೀರಿನಲ್ಲಿ ಇದರ ವಾಸ. ಚರ್ಮದ ಗಾಯದಿಂದ, ಕೆಲವೊಮ್ಮೆ ಉಸಿರಿನಿಂದ ಒಳಗೆ ಹೋಗುತ್ತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. 1911ರಲ್ಲಿ ರಂಗೂನಿನಲ್ಲಿ ವಿಟ್‌ಮೋರ್ ಮತ್ತು ಅವರ ಸಹಾಯಕ ಕೃಷ್ಣಸ್ವಾಮಿ ಇದನ್ನು ಮೊದಲು ಗುರುತಿಸಿದ್ದು. 2016ರ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಇದು ಬರುತ್ತೆ, ಅವರಲ್ಲಿ 89,000 ಜನ ಸಾಯುತ್ತಾರೆ. ಥಾಯ್ಲೆಂಡ್, ಉತ್ತರ ಆಸ್ಟ್ರೇಲಿಯಾದಲ್ಲಿ ಇದು ಚಿರಪರಿಚಿತ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲೂ ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತಲೇ ಇದೆ. ಆದರೆ ಶ್ವಾಸಕೋಶಕ್ಕೆ ಬಂದರೆ ಟಿಬಿ ಥರ, ರಕ್ತಕ್ಕೆ ಹರಡಿದರೆ ಯಾವುದೇ ಸೋಂಕಿನ ಥರ ಕಾಣೋದ್ರಿಂದ ತಪ್ಪಿಸಿಕೊಳ್ಳುತ್ತೆ.

ಲ್ಯಾಬಿನಲ್ಲೂ ಅದೇ ಕತೆ. ಸೂಕ್ಷ್ಮದರ್ಶಕದಲ್ಲಿ ಎರಡೂ ತುದಿ ಬಣ್ಣ ಹಿಡಿದು ನಡುವೆ ಖಾಲಿ, ಸೇಫ್ಟಿ ಪಿನ್ ಹಾಗೆ. ಗೊತ್ತಿಲ್ಲದವರು ಬೇರೆ ಯಾವುದೋ ರೋಗಾಣು ಅಂತ ಬರೆದುಬಿಡಬಹುದು. ಯಂತ್ರಗಳೂ ಕೆಲವೊಮ್ಮೆ ಇದರ ಹತ್ತಿರದ ಬಂಧುವಿನ ಹೆಸರು ಹೇಳುತ್ತವೆ. ಅದಕ್ಕೇ ಮೇಡಂ ಕಫದ ಸ್ಯಾಂಪಲ್ಲನ್ನು ಆಶ್‌ಡೌನ್ ಅನ್ನೋ ಮಾಧ್ಯಮದಲ್ಲಿ ಬೆಳೆಸಿದರು. ಅದರಲ್ಲಿ ಜೆಂಟಾಮೈಸಿನ್ ಬೆರೆಸಿರುತ್ತಾರೆ. ಉಳಿದ ಬಹುಪಾಲು ಬ್ಯಾಕ್ಟೀರಿಯಾಗಳು ಸಾಯುತ್ತವೆ, ಇದು ಮಾತ್ರ ನೇರಳೆ ಬಣ್ಣಕ್ಕೆ ತಿರುಗಿ ಸುಕ್ಕು ಸುಕ್ಕಾಗಿ ಬೆಳೆಯುತ್ತೆ. ಅದಕ್ಕೆ ಕೆಲವು ದಿನ ಬೇಕು. ಆದರೆ ಮೇಡಂ ಅಷ್ಟು ದಿನ ಕಾಯಲಿಲ್ಲ. ಡಾಕ್ಟರಿಗೆ ಅವತ್ತೇ ಫೋನ್ ಮಾಡಿ ಮೆರೊಪೆನೆಮ್ ಶುರು ಮಾಡಿಸಿದರು. ನಾಲ್ಕನೇ ದಿನ ವರದಿ ಬಂತು: ಅನುಮಾನ ನಿಜ.

ಒಂದು ವಿಷಯ ನನಗೆ ಹೊಸದು. ಕೆಲವು ವರದಿಗಳಲ್ಲಿ ಎಂಐಸಿ ಅಂತ ಒಂದು ಸಂಖ್ಯೆ ಇರುತ್ತೆ, ಅಂದ್ರೆ ರೋಗಾಣುವಿನ ಬೆಳವಣಿಗೆ ತಡೆಯೋಕೆ ಬೇಕಾದ ಕನಿಷ್ಠ ಔಷಧ ಪ್ರಮಾಣ. ಒಂದರ ಮುಂದೆ 1, ಇನ್ನೊಂದರ ಮುಂದೆ 4 ಇದ್ದರೆ ಮೊದಲನೆಯದೇ ಒಳ್ಳೆಯದು ಅಂತ ನಾನು ಲೆಕ್ಕ ಹಾಕಿದ್ದೆ. ಮೇಡಂ ನಕ್ಕರು. ಪ್ರತಿ ಔಷಧಿಗೂ ಅದರದ್ದೇ ಗಡಿ ಇರುತ್ತಂತೆ. ಒಂದರ ಸಂಖ್ಯೆಯನ್ನು ಇನ್ನೊಂದರ ಜೊತೆ ಹೋಲಿಸೋ ಹಾಗಿಲ್ಲ. ಎಸ್ ಅಂತ ಇದ್ದ ಮಾತ್ರಕ್ಕೆ ಆ ಔಷಧಿಯೇ ಸಾಕು ಅಂತಲೂ ಅಲ್ಲ. ಅಪ್ಪಯ್ಯನ ವರದಿಯಲ್ಲಿ ಆಗ್ಮೆಂಟಿನ್ ಎಸ್ ಇದ್ದರೂ ಅದನ್ನು ಮೊದಲ ಆಯ್ಕೆಯಾಗಿ ಕೊಡಲಿಲ್ಲ. ಈ ಕಾಯಿಲೆಗೆ ಮೊದಲು ಸೆಫ್ಟಜಿಡಿಮ್ ಅಥವಾ ಮೆರೊಪೆನೆಮ್ ನರದ ಮೂಲಕ, ಕನಿಷ್ಠ ಹತ್ತು ಹದಿನಾಲ್ಕು ದಿನ. ಆಮೇಲೆ ಕೊ-ಟ್ರೈಮಾಕ್ಸಜೋಲ್ ಮಾತ್ರೆ, ಮೂರು ತಿಂಗಳು. ಮಧ್ಯೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು.

ನಮ್ಮ ಕೆಲಸದಲ್ಲಿ ಸರ್ವರ್ ಕೈಕೊಟ್ಟರೆ ರೀಸ್ಟಾರ್ಟ್ ಮಾಡೋಕೆ ಮುಂಚೆ ಲಾಗ್ ತೆಗೆದಿಟ್ಟುಕೊಳ್ಳಿ ಅಂತೀವಿ. ಜ್ವರದ ವಿಷಯದಲ್ಲಿ ನಾವೇ ಅದನ್ನು ಮಾಡಿರಲಿಲ್ಲ. ಆ್ಯಂಟಿಬಯೋಟಿಕ್ ನುಂಗಿದ ಮೇಲೆ ರಕ್ತ ಕೊಟ್ಟರೆ ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು. ನಮ್ಮ ಅದೃಷ್ಟಕ್ಕೆ ಬೆಳೆಯಿತು.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ಊರಲ್ಲಿರೋ ಅಪ್ಪ ಅಮ್ಮಂಗೆ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ತಗೋಬೇಡಿ ಅಂತ ಹೇಳಿ. ಅಡ್ಮಿಟ್ ಆದರೆ "ಮೊದಲ ಡೋಸಿಗೆ ಮುಂಚೆ ಕಲ್ಚರ್ ಕಳಿಸಿದ್ದೀರಾ?" ಅಂತ ಮರ್ಯಾದೆಯಿಂದಲೇ ಕೇಳಿ. ಹಾಗಂತ ರೋಗಿಯ ಸ್ಥಿತಿ ಗಂಭೀರ ಇದ್ದರೆ ಕಲ್ಚರ್ ನೆಪದಲ್ಲಿ ಔಷಧಿ ತಡ ಆಗಬಾರದು. ಗದ್ದೆ ಕೆಲಸ, ಶುಗರ್, ಮಳೆ, ಮೊದಲೇ ನುಂಗಿದ ಮಾತ್ರೆ, ಇದನ್ನೆಲ್ಲ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಹಳೇ ವರದಿ ಬಿಸಾಡಬೇಡಿ. ನಮಗೆ ದಾರಿ ತೋರಿಸಿದ್ದು ತಪ್ಪು ಹೆಸರಿದ್ದ ಆ ಹಳೇ ವರದಿಯೇ.

ಅಪ್ಪಯ್ಯ ಈಗ ಮನೆಯಲ್ಲಿದ್ದಾರೆ. ಮಾತ್ರೆ ಇನ್ನೂ ಐದು ವಾರ ಇದೆ. ದಿನಾ ರಾತ್ರಿ ಎಂಟಕ್ಕೆ ನಾನು ವಿಡಿಯೊ ಕಾಲ್ ಮಾಡ್ತೀನಿ, ಅವರು ಮಾತ್ರೆ ತೋರಿಸಿ ನುಂಗ್ತಾರೆ. ಗಮ್‌ಬೂಟ್ ಕಳಿಸಿದ್ದೀನಿ. ನಿನ್ನೆ ಕೇಳಿದರೆ, "ಅದ್ ಹಾಕಂಡ್ ಗದ್ದಿಗ್ ಇಳಿದ್ರೆ ಊರವ್ರ್ ನೆಗಾಡ್ತ್ರ್ ಮಾರಾಯ" ಅಂದರು. ನಗಾಡಲಿ ಬಿಡಿ. ಮುಂದಿನ ನಾಟಿಗೆ ನಾನೂ ಒಂದು ಜೊತೆ ಹಾಕ್ಕೊಂಡು ಪಕ್ಕದಲ್ಲೇ ಇಳೀತೀನಿ.