ಹೊಳೆಯ ಬಣ್ಣ ಕಡಲಿನವರೆಗೆ

ಮುಂಗಾರು ಬಿರುಸಾದಾಗ ಶೆಟ್ಟಿಹಳ್ಳಿಯ ಹೇಮಾವತಿ ಹಿನ್ನೀರು ಕೆಂಪಗಾಗುತ್ತದೆ. ಆ ನೀರನ್ನು ಗಾಜಿನ ಸೀಸೆಯಲ್ಲಿ ತುಂಬಿ ಎರಡು ದಿನ ಅಲುಗಿಸದೆ ಇಡಿ. ಮಣ್ಣಿನ ಬಹುಪಾಲು ತಳ ಸೇರುತ್ತದೆ. ಮೇಲಿನ ನೀರಿನಲ್ಲಿ ತೆಳು ಚಹಾದಂಥ ಛಾಯೆ ಉಳಿದರೆ, ಅದು ಹೆಚ್ಚಾಗಿ ತರಗೆಲೆ, ಬೇರು, ಹುಲ್ಲು ಕೊಳೆತು ಕರಗಿದ ಸಾವಯವ ವಸ್ತು.

ನಮ್ಮ ಜಿಲ್ಲೆಯ ನೀರು ಎರಡು ದಿಕ್ಕಿಗೆ ಹರಿಯುತ್ತದೆ. ಹೇಮಾವತಿ ಮೂಡಲಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಗೊರೂರು, ಕನ್ನಂಬಾಡಿ ಕಟ್ಟೆಗಳಲ್ಲಿ ಅದರ ಹೂಳು ನಿಲ್ಲುತ್ತದೆ. ಕರಗಿದ ಬಣ್ಣ ಹಾಗೆ ತಳ ಸೇರುವುದಿಲ್ಲ. ಸಕಲೇಶಪುರ ಘಟ್ಟದ ಕೆಂಪುಹೊಳೆಯಾದರೋ ಪಡುವಲಿಗೆ ಇಳಿದು, ಕುಮಾರಧಾರೆ, ನೇತ್ರಾವತಿಗಳ ಮೂಲಕ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ.

ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದ್ದರಿಂದ ಅಳಿವೆಯಾಚೆ ಅದು ಮೇಲ್ಪದರವಾಗಿ ಹರಡುತ್ತದೆ. ಅದರಲ್ಲಿ ಕರಗಿದ ವಸ್ತು ಬಿಸಿಲಿನ ಅತಿನೇರಳೆ ಕಿರಣವನ್ನೂ ನೀಲಿ ಬೆಳಕನ್ನೂ ಹೀರಿಕೊಳ್ಳುತ್ತದೆ. ಅತಿನೇರಳೆ ತಗ್ಗಿದರೆ ಜಲಜೀವಿಗಳಿಗೆ ಹಿತವೇ. ನೀಲಿ ಬೆಳಕು ತಗ್ಗಿದರೆ ಮಾತ್ರ ಆಳದ ಸೂಕ್ಷ್ಮ ಪಾಚಿಯ ಬೆಳವಣಿಗೆ ಕುಂಠಿತವಾಗುತ್ತದೆ. ಕರಾವಳಿಯ ಬೂತಾಯಿ ಮೀನಿಗೆ ಇಂಥ ಪಾಚಿಯೇ ಮುಖ್ಯ ಆಹಾರ. ಪಾಚಿಯ ಹಸಿರೂ ನೀಲಿ ಬೆಳಕನ್ನೇ ಹೀರುವುದರಿಂದ, ಕಡಲಿನ ಬಣ್ಣ ಅಳೆಯುವ ಉಪಗ್ರಹಗಳೂ ಅಳಿವೆಯ ಬಳಿ ಇದನ್ನು ಪಾಚಿಯೆಂದೇ ಲೆಕ್ಕಹಾಕುವುದುಂಟು!

ಎಲೆಯ ಬಣ್ಣ ಕಾಡಿನ ಸಹಜ ಕೊಡುಗೆ. ಅದನ್ನು ತಡೆಯಹೊರಡುವುದು ವ್ಯರ್ಥ. ಕೆಸರಿನ ಮಾತು ಬೇರೆ. ಕಡಲಿನ ಬೆಳಕನ್ನು ಅದೂ ಮರೆಮಾಡುತ್ತದೆ. ಕಟ್ಟೆಯಲ್ಲಿ ನಿಂತರೆ ಹೂಳಾಗುತ್ತದೆ. ಎರಡೂ ಕಡೆ ನಷ್ಟವಾಗುವುದು ರೈತನ ಮೇಲ್ಮಣ್ಣೇ. ಆಲೂಗೆಡ್ಡೆ ಸಾಲುಗಳನ್ನು ಇಳಿಜಾರಿನುದ್ದಕ್ಕೆ ತೆಗೆಯುವ ಪದ್ಧತಿಯನ್ನು ರೈತ ಬಾಂಧವರು ಕೈಬಿಡಬೇಕು. ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಲಿ. ಬದುಗಳ ಮೇಲೆ ಲಾವಂಚವನ್ನೋ ಬೇರೆ ಹುಲ್ಲನ್ನೋ ಮುಂಗಾರಿನ ಮೊದಲ ಹದಕ್ಕೇ ನೆಡಿ. ಹೊಳೆದಂಡೆಯ ಹೊಂಗೆ, ಬಿದಿರುಗಳನ್ನು ಕಡಿಯಬೇಡಿ.